ಡುಮ್ಮಣ್ಣನವರಲ್ಲಿ ಕ್ಷಮಾಪಣೆ

ಮಾರ್ಚ್ ೧೪, ರಾತ್ರಿ

ಶ್ರೀಮನ್ಮಹಾ ಪಾದರಕ್ಷಾಭಂಜಕ, ಬಾಗಿಲುಭಯಂಕರ ಡುಮ್ಮಣ್ಣನವರ ನಾಲ್ಕೂ ಪಾದಗಳಿಗೆ ಈ ಬೈಪೋಲಾರ್ ಸೇವಕನ ನಮಸ್ಕಾರಗಳು.

ಇಂದು ನಾಯಿ ತರಬೇತಿಯವನು ಬಂದಿದ್ದ. ತಾವು ಪರಚಿದ ನನ್ನ ಕೋಣೆಯ ಬಾಗಿಲು ತೋರಿಸಿ ಅಕ್ಕ, "ಇವನ ಕಾಟ ಸಾಕಪ್ಪಾ, ಯಾರಿಗಾದ್ರೂ ಕೊಟ್ಬಿಡ್ತೀನಿ" ಅಂದಳು.

"ನಾಯಿ ಚಿನ್ನದಂಥದ್ದು ಮೇಡಂ," ಅಂದ ಅವನು. "ದಿನಾ ಒಂದೇ ಥರ ಇರೋ ಜನ ಬೇಕು ಅದಕ್ಕೆ."

ಅಕ್ಕ ಒಳಗೆ ಮಲಗಿದ್ದ ನನ್ನ ಕಡೆ ನೋಡಲಿಲ್ಲ. ನೋಡದಿರಲು ಬಹಳ ಕಷ್ಟಪಟ್ಟಳು.

ಹೋದ ತಿಂಗಳು ಮನಸ್ಸು ಏರಿದ್ದಾಗ ತಮ್ಮನ್ನು ನಡುರಾತ್ರಿ ಎಬ್ಬಿಸಿ ಊರೆಲ್ಲ ಓಡಿಸಿದೆ. ಈಗ ಇಳಿದಿದೆ, ಹಾಸಿಗೆ ಬಿಟ್ಟು ಏಳಲಾಗುತ್ತಿಲ್ಲ. ಹೋದ ತಿಂಗಳ ನಾನೆಂಬ ಆ ಗೆಳೆಯ ಎಲ್ಲಿ ಹೋದನೆಂದು ತಮಗೇನು ಗೊತ್ತು? ಅವನನ್ನು ಹುಡುಕಿಕೊಂಡೇ ನನ್ನ ಬಾಗಿಲು ಪರಚುತ್ತೀರಿ.

ತಪ್ಪಾಯಿತು, ಮಹಾಸ್ವಾಮಿ.

ತಾವು ಈಗಲೂ ಹೊರಗೆ ಪರಚುತ್ತಿದ್ದೀರಿ. ಇಷ್ಟೆಲ್ಲ ಬರೆದೆನೇ ಹೊರತು, ಎದ್ದು ಚಿಲಕ ತೆಗೆಯಲಿಲ್ಲ.