ಕುಡಿಯಲು ಯೋಗ್ಯ

ಅಪ್ಪಾ,

ಇಂದು ಬೆಳಿಗ್ಗೆ ನೀನು ನೀರು ಪರೀಕ್ಷೆ ಮಾಡುತ್ತಿದ್ದ ಕಚೇರಿಗೆ ನನ್ನನ್ನು ಕರೆಸಿದ್ದರು. ನಮ್ಮ ಬೀದಿಯಲ್ಲಿ ಇಷ್ಟೊಂದು ಜನರ ಕಿಡ್ನಿ ಏಕೆ ಕೆಟ್ಟಿತೆಂದು ವಿಚಾರಣೆ ನಡೆಯುತ್ತಿದೆ.

ಅಧಿಕಾರಿಣಿ ಹಳೆಯ ದಾಖಲೆ ಪುಸ್ತಕ ತೆರೆದು, "ಇದು ನಿಮ್ಮ ತಂದೆಯವರ ಅಕ್ಷರ ತಾನೇ?" ಎಂದರು. ಹೌದೆಂದೆ. ಹನ್ನೊಂದು ವರ್ಷ, ಪುಟಪುಟದಲ್ಲೂ "ಕುಡಿಯಲು ಯೋಗ್ಯ" ಎಂದು ನಿನ್ನ ದುಂಡು ಅಕ್ಷರ. ಕಾಲು ಮುರಿದುಕೊಂಡು ನೀನು ಮನೆಯಲ್ಲೇ ಮಲಗಿದ್ದ ತಿಂಗಳಲ್ಲೂ ಒಂದು ದಿನ ತಪ್ಪಿರಲಿಲ್ಲ.

ಆಮೇಲೆ ಅವರು ಮೆಲ್ಲಗೆ ಕೇಳಿದರು: "ನಿಮ್ಮನೇಲಿ ಯಾವ ನೀರು ಕುಡೀತಿದ್ರಮ್ಮಾ?"

ಆ ಪ್ರಶ್ನೆಯನ್ನು ಇಷ್ಟು ವರ್ಷ ನಾನೇ ಕೇಳಿಕೊಂಡಿರಲಿಲ್ಲ. ವಾರಕ್ಕೆರಡು ಸಲ ನೀನು ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಊರಾಚೆ ಅತ್ತೆಯ ಮನೆಯ ಬಾವಿಗೆ ಹೋಗುತ್ತಿದ್ದೆ. "ನಲ್ಲಿ ನೀರಿಗೆ ರುಚಿ ಇಲ್ಲ ಕಣೇ" ಅನ್ನುತ್ತಿದ್ದೆ. ಪಕ್ಕದ ಮನೆಯ ಟೈಲರಮ್ಮ ತಮಗೂ ಒಂದು ಕ್ಯಾನು ತಂದುಕೊಡಿ ಎಂದಾಗ ಮಾತ್ರ ನೀನು ನಕ್ಕು, "ನಲ್ಲಿ ನೀರಿಗೇನಾಗಿದೆ ತಾಯಿ?" ಎಂದಿದ್ದೆ. ಅವರೀಗ ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಹೋಗುತ್ತಾರೆ.

ನಾನು ಅಧಿಕಾರಿಣಿಗೆ ಬಾವಿಯ ವಿಷಯ ಹೇಳಿಬಿಟ್ಟೆ.

ಹೊರಗೆ, ಬಾಗಿಲ ಬಳಿ ನಿಂತು ಎಲ್ಲಾ ಕೇಳಿಸಿಕೊಂಡಿದ್ದ ಅಣ್ಣ ಅಡ್ಡಗಟ್ಟಿದ. "ಸತ್ತ ಅಪ್ಪನ ಮುಖಕ್ಕೆ ಮಸಿ ಬಳಿದುಬಿಟ್ಟೆಯಲ್ಲೇ!"

"ಅಪ್ಪನಿಗೆ ಎಲ್ಲಾ ಗೊತ್ತಿತ್ತಾ ಅಣ್ಣಾ?"

ಅವನು ಗಡಿಯಾರ ನೋಡಿಕೊಂಡು ಹೊರಟೇಹೋದ. ಅವನಿಗೂ ಗೊತ್ತಿತ್ತೇನೋ ಎಂಬ ಅನುಮಾನ ಈಗ ನನ್ನನ್ನು ಕೊರೆಯುತ್ತಿದೆ.

ನಿಜ ಹೇಳಿದೆನೆಂದು ಎದೆಯುಬ್ಬಿಸಲೂ ಆಗುತ್ತಿಲ್ಲ ಅಪ್ಪಾ. ಆ ಮೇಜಿನ ಆಚೆ ನೀನು ಕೂತು ನನ್ನನ್ನೇ ನೋಡುತ್ತಿದ್ದರೆ, ನಾನೂ ನಲ್ಲಿ ನೀರೆಂದೇ ಹೇಳುತ್ತಿದ್ದೆನೇನೋ.