ಪಕ್ಕದ ಮನೆಗೆ ಬರೆದ ಕಾರ್ಡು

ಕುಂಜಾಲಪದವು, 1958

ಮಂಗಳೂರಿನ ಅಂಚೆ ಅಧಿಕಾರಿಗಳೇ,

ನೀವು ಕೊಡುತ್ತೇವೆಂದದ್ದು ಅಂಚೆ ಡಬ್ಬಿ, ಅಂಚೆಯವ, ಶಾಖೆ ಕಚೇರಿ. ಕೊಟ್ಟದ್ದು ಡಬ್ಬಿ ಮಾತ್ರ. ಊರಿಗೆ ಬರುವ ಕಾಗದ ಸಾಲದೆಂದು ಉಳಿದದ್ದನ್ನು ನಿರಾಕರಿಸಿದಿರಿ.

"ಉಮ್ಮ, ಶುಕ್ರವಾರ ನಮ್ಮ ಮಂಜಿ ಬಂದರಿಗೆ ಬರ್ತದೆ, ನೋಡಲು ಬಾ" ಎಂದು ಹಾಯಿಹಡಗಿನಲ್ಲಿ ದುಡಿಯುವ ಬೀಫಾತಿಮ್ಮನ ಮಗ ಬರೆದ ಕಾರ್ಡು, ತಂದುಕೊಡುವ ಅಂಚೆಯವನಿಲ್ಲದೆ, ತೊಕ್ಕೊಟ್ಟಿನ ಅಂಗಡಿಯಲ್ಲೇ ಬಿದ್ದಿತ್ತು. ಅದು ಕೈಸೇರುವಾಗ ಮಂಜಿ ಹಾಯಿ ಬಿಚ್ಚಿ ಹೋಗಿಯಾಗಿತ್ತು.

ಕಾಗದ ಸಾಲದೇ? ಸರಿ. ಬೀಡಿ ಕಟ್ಟುವ ನಾವೆಲ್ಲ ಈಗ ಪಕ್ಕದ ಮನೆಗೇ ಕಾರ್ಡು ಹಾಕುತ್ತಿದ್ದೇವೆ. ಬೀಫಾತಿಮ್ಮನ ಪಕ್ಕದ ಮನೆಯ ಮುದ್ದು ಬರೆಸಿದಳು: "ಬೀಫಾತಿಮ್ಮಕ್ಕ, ಇವತ್ತು ಊಟಕ್ಕೆ ಎಂತ ಪದಾರ್ಥ?" ಉತ್ತರವೂ ಅಂಚೆಯಲ್ಲೇ ಹೋಯಿತು: "ಬಂಗುಡೆ ಮೀನು. ಕಾರ್ಡಿಗೆ ಕಾದರೆ ಸಿಗ್ಲಿಕ್ಕಿಲ್ಲ ಮಾರಾಯ್ತಿ, ಈಗಲೇ ಬಾ." ಊರು ಇಷ್ಟು ನಕ್ಕದ್ದು ನಾನು ಕಂಡಿಲ್ಲ.

ನಿಮ್ಮ ಅಂಚೆ ಚೀಲ ತುಂಬುತ್ತಿದೆ, ಕಾರ್ಡು ಎಣಿಸಿಕೊಳ್ಳಿ. ಮಂಜಿ ಮತ್ತೆ ಬರುವ ಮೊದಲು ಅಂಚೆಯವ ಬರಬೇಕು.

ಇದಕ್ಕೆಂದೇ ಊರಲ್ಲಿ ಕರೆದ ನಮ್ಮ ಸಭೆಗೆ ನೀವೂ ಬನ್ನಿ. ಬಂಗುಡೆ ಉಂಟು.

ಬೀಡಿ ಕಾರ್ಮಿಕರ ಪರವಾಗಿ,
ಹಸೈನಾರ್

ಸಭೆ: ಆದಿತ್ಯವಾರ, ಸಂಜೆ ನಾಲ್ಕು ಗಂಟೆಗೆ.