ಮೂರು ಗಂಟೆ ಮುಂದೆ ಓಡಿದ ಕಂಪ್ಯೂಟರ್

ಅಕ್ಕಾ,

ರಾತ್ರಿ ಪಾಳಿ ಮುಗಿಸಿ ಬಂದವಳೇ ಮಲಗಿಬಿಡಬೇಡ. ಹತ್ತು ಗಂಟೆಗೆ ನೋಂದಣಿ ಕಚೇರಿಯಲ್ಲಿ ನನ್ನ ಮದುವೆ, ನೀನೇ ಸಾಕ್ಷಿ. ನಿನ್ನ ನೀಲಿ ಉಡುಪು ಇಸ್ತ್ರಿಯಾಗಿ ಕುರ್ಚಿಯ ಮೇಲಿದೆ.

ನಿನ್ನೆ ಕಂಪ್ಯೂಟರಿನಲ್ಲಿ ಲಿನಕ್ಸ್ ಅಪ್‌ಡೇಟ್ ಮಾಡಿ ಹೋದೆಯಲ್ಲ ಪುಣ್ಯಾತ್ಗಿತ್ತಿ, ಅದು ಟೈಮ್‌ಝೋನನ್ನೇ ಬದಲಿಸಿಬಿಟ್ಟಿತ್ತು. ನಾನು ಎದ್ದು ನೋಡಿದರೆ ಪರದೆಯ ಮೇಲೆ ಹತ್ತೂವರೆ! ಫೋನಿನ ಗಡಿಯಾರ ನೋಡಬೇಕೆಂದೂ ಹೊಳೆಯದೆ ನನ್ನ ಹುಡುಗನಿಗೆ ಕರೆ ಮಾಡಿ ಗೊಳೋ ಎಂದು ಅತ್ತೆ.

"ಇನ್ನೂ ಏಳೂವರೆ ಕಣೇ! ನಾನಿನ್ನೂ ಹಲ್ಲೂ ಉಜ್ಜಿಲ್ಲ," ಅಂದ.

ಟೈಮ್‌ಝೋನನ್ನು ಮತ್ತೆ ನಮ್ಮ ಊರಿಗೆ ಹೊಂದಿಸಿದ್ದೇನೆ, ರೀಸ್ಟಾರ್ಟ್ ಮಾಡಿಯೂ ನೋಡಿದ್ದೇನೆ. ಇವತ್ತೊಂದು ದಿನ ಅದನ್ನು ಮುಟ್ಟಬೇಡ, ಕೈಮುಗಿಯುತ್ತೇನೆ.

ಇನ್ನೊಂದು ವಿಷಯ ಕೇಳು. ನನ್ನ ಅಳು ಕೇಳಿ ಮನೆಯೊಡತಿ ಓಡಿಬಂದರು. ನಡೆದದ್ದು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮದುವೆಯಾದ ಮೇಲೆ ಎಲ್ಲಿರುತ್ತೀರಿ ಎಂದು ಕೇಳಿದರು. ಹತ್ತಿರದಲ್ಲೆಲ್ಲೂ ಮನೆ ಸಿಗಲಿಲ್ಲ ಎಂದೆ.

"ಮೇಲಿನ ಮನೆ ಖಾಲಿ ಬಿದ್ದಿದೆಯಲ್ಲಮ್ಮ, ಬಾಯಿಬಿಟ್ಟು ಕೇಳಬಾರ್ದಾ?" ಅಂದರು!

ಅಕ್ಕಾ, ನಾನು ಊರಾಚೆ ಹೋಗುವುದಿಲ್ಲ. ನೀನು ಕದ್ದು ಅತ್ತದ್ದೆಲ್ಲ ದಂಡ. ನಾಳೆಯಿಂದ ನಿನ್ನ ತಲೆಯ ಮೇಲೇ ಕುಣಿಯುತ್ತೇನೆ. ಕಚೇರಿಗೆ ಓಡಿ ಬಾ!